ನಿಮಗಿದು ಗೊತ್ತೇ? ಎಲೆ ಬರೆಸಿದ ಅರಸರು!

ಟ್ಯಾರೋ ಅಂದರೆ ಭವಿಷ್ಯ ಹೇಳುವ ಕಾರ್ಡು, ಹೌದಲ್ಲವೇ? ಹುಟ್ಟಿದಾಗ ಅದು ಯಾರ ಭವಿಷ್ಯವನ್ನೂ ಹೇಳುತ್ತಿರಲಿಲ್ಲ! 15ನೇ ಶತಮಾನದ ಇಟಲಿಯಲ್ಲಿ ಅದು ಬರೀ ಆಟದ ಎಲೆ. ಭವಿಷ್ಯ ಕೇಳುವ ರೂಢಿ ಬೆಳೆದದ್ದು 18ನೇ ಶತಮಾನದ ಕೊನೆಗೆ.

ಇವತ್ತು ಎಲ್ಲೆಡೆ ಕಾಣುವ ಟ್ಯಾರೋ ಚಿತ್ರಗಳನ್ನು ಬರೆದವರು ಒಬ್ಬ ಹೆಣ್ಣುಮಗಳು, ಪಮೇಲಾ ಕೋಲ್ಮನ್ ಸ್ಮಿತ್. ವರ್ಷ 1909. 78 ಚಿತ್ರ, ಕೆಲವೇ ತಿಂಗಳು! ಆದರೆ ಕಟ್ಟಿಗೆ ಹೆಸರು ಬಿದ್ದದ್ದು ಪ್ರಕಾಶಕರದ್ದು, ಬರೆಸಿದವರದ್ದು.

ನಮ್ಮದೇ ಎಲೆ ನಾವೇ ಮಾಡಿಕೊಳ್ಳಬೇಕು ಎಂಬ ಹುಚ್ಚು ಮೈಸೂರು ಅರಮನೆಗೂ ಹತ್ತಿತ್ತು! ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಎಲೆಯಾಟ ಕಟ್ಟಿದರು. ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಯಾವ ಎಲೆ ಹೇಗಿರಬೇಕು ಎಂದು ಬಣ್ಣದ ಚಿತ್ರವನ್ನೇ ಬರೆಸಿಟ್ಟರು.

ಒಂದು ಕಟ್ಟಿನಲ್ಲಿ ಎಷ್ಟು ಎಲೆ ಗೊತ್ತೇ? ದೊಡ್ಡದರಲ್ಲಿ 360! ನಮ್ಮ ಇಸ್ಪೀಟಿನ ಏಳು ಪ್ಯಾಕು ಸೇರಿಸಿದರೆ 364. ನಾಲ್ಕೇ ಕಡಿಮೆ! ನಮ್ಮ ಪ್ಯಾಕಿನಲ್ಲಿ ನಾಲ್ಕು ಬಣ್ಣ, ಅಂದರೆ ನಾಲ್ಕು ಗುರುತಿನ ಗುಂಪುಗಳಾದರೆ, ಅವರ ಕೆಲವು ಆಟಗಳಲ್ಲಿ 18. ಅಷ್ಟು ಎಲೆ ಹಿಡಿಯಲು ಕೈಯೆಷ್ಟು ಬೇಕೋ! ಆಟ ಅರಮನೆ ದಾಟಿ ಊರಿಗೆ ಹಬ್ಬಲಿಲ್ಲ, ಚಿತ್ರಗಳು ಮಾತ್ರ ಉಳಿದವು.

ಆ ಆಟಗಳ ಹೆಸರು ‘ಛದ’. ಸಂಸ್ಕೃತದಲ್ಲಿ ಛದ ಅಂದರೆ ಎಲೆ. ಹಳೇ ಹುಬ್ಬಳ್ಳಿಯ ಕಟ್ಟೆಯ ಮೇಲೆ ಕೂತವರೂ ಇಸ್ಪೀಟ್ ‘ಎಲಿ’ ಅಂತಲೇ ಅನ್ನೋದು, ನೋಡಿ!

ಇಂಥ ಎಲೆಗೆ ಗಂಜೀಫಾ ಎಂಬ ಹೆಸರೂ ಇದೆ. ಬಾಬರ್ 1527ರಲ್ಲಿ ಸಿಂಧದ ಗೆಳೆಯನಿಗೆ ಒಂದು ಕಟ್ಟು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ಈಗ ಕೇಳಿ, ನಮ್ಮ ಕಡೆಯ ಸುದ್ದಿ. ಅಕ್ಬರನ ಆಸ್ಥಾನದಲ್ಲಿ 144 ಎಲೆಯ ಆಟವಿತ್ತು. ಅದರಲ್ಲೊಂದು ಬಣ್ಣ ‘ನರಪತಿ’, ಕಾಲಾಳುಗಳ ಬಲದ ರಾಜ. ಯಾರಂತೆ? ಬಿಜಾಪುರದ ಅರಸರಂತೆ ಎಂದು ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಬರೆಯುತ್ತಾನೆ! ಬಿಜಾಪುರ ಮೊಘಲರ ವಶವಾದದ್ದು 1686ರಲ್ಲಿ. ಅದಕ್ಕೂ ಸುಮಾರು ತೊಂಬತ್ತು ವರ್ಷ ಮೊದಲೇ ಎಲೆಯಾಗಿ ಅವರ ಕೈಯಲ್ಲಿತ್ತು! ಅದೇ ಕಟ್ಟಿನಲ್ಲಿ ಹಾವುಗಳದ್ದೂ ಒಂದು ಬಣ್ಣ. ಅಲ್ಲಿ ಮಂತ್ರಿ ಯಾರು? ಹಾವಿನ ಮೇಲೆ ಸವಾರಿ ಮಾಡುವ ಇನ್ನೊಂದು ಹಾವು!

ಬೆಳಗಾವಿ ದಾಟಿ ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ. ಅಲ್ಲಿ ಗಂಜೀಫಾ ಎಲೆಗಳನ್ನು ಈಗಲೂ ಕೈಯಿಂದಲೇ ಬರೆಯುತ್ತಾರೆ. ದಶಾವತಾರದ ಕಟ್ಟಿನಲ್ಲಿ 120 ಎಲೆ, ಎಲ್ಲವೂ ಬಳೆಯಂತೆ ದುಂಡಗೆ. ಮತ್ಸ್ಯಾವತಾರದ ಎಲೆಗೆ ಮೀನು, ಪರಶುರಾಮನ ಎಲೆಗೆ ಕೊಡಲಿ. ಓದು ಬಾರದವರೂ ಎಣಿಸಿ ಆಡಬಹುದು. ಹಗಲಾದರೆ ರಾಮ ಇದ್ದವರು ಆಟ ಶುರು ಮಾಡಬೇಕು. ಕತ್ತಲಾಯಿತೋ, ಕೃಷ್ಣ ಇದ್ದವರು!

ಎಲೆ ಗಟ್ಟಿಯಾಗುವುದು ಯಾವುದರಿಂದ? ಹುಣಸೆಬೀಜದ ಅಂಟಿನಿಂದ! ಬಟ್ಟೆಗೆ ಅಂಟು, ಮೇಲೆ ಸುಣ್ಣದ ಪುಡಿ, ಬಣ್ಣ, ಕೊನೆಗೆ ಅರಗಿನ ಹೊಳಪು. ಸಿರಿವಂತರಿಗೆ ಆನೆದಂತದ ಎಲೆಗಳೂ ಇದ್ದವು.

ಮೈಸೂರಿನ ಗಂಜೀಫಾಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ಕಲಾವಿದ ರಘುಪತಿ ಭಟ್ಟರ ಹೆಸರಿಗಂತೂ ‘ಗಂಜೀಫಾ’ ಎಂಬುದೇ ಅಂಟಿಕೊಂಡಿತು!

ಇನ್ನು ನಿಮ್ಮ ಸರದಿ. ಹಳೆಯ ಲಗ್ನಪತ್ರಿಕೆ ತೆಗೆಯಿರಿ. ಬಳೆ ಇಟ್ಟು ದುಂಡಗೆ ಗೆರೆ ಎಳೆದು ಕತ್ತರಿಸಿ. ಒಂದು ಬಣ್ಣಕ್ಕೆ ಸಿದ್ಧಾರೂಢ ಮಠದ ತೇರು, ಒಂದಕ್ಕೆ ಭವಾನಿಶಂಕರ ಗುಡಿಯ ಕಂಬ, ಒಂದಕ್ಕೆ ಉಣಕಲ್ ಕೆರೆ, ಇನ್ನೊಂದಕ್ಕೆ ಗಿರ್ಮಿಟ್ ತಟ್ಟೆ. ಹುಬ್ಬಳ್ಳಿಯ ಎಲೆಗಳಲ್ಲಿ ರಾಜ ಯಾರು, ಮಂತ್ರಿ ಯಾರು? ನೀವೇ ಬರೆದು ನೋಡಿ!