ಒಂದೇ ಧಾಟಿ, ಹಲವು ಕೊರಳು

2002ರಲ್ಲಿ ಗ್ರೀನ್‌ಸ್ಲೀವ್ಸ್ ಸಂಸ್ಥೆ ಹೊರತಂದ ಡಾನ್ಸ್‌ಹಾಲ್ ಸಂಗೀತದ ಸಂಕಲನವೊಂದಕ್ಕೆ ನಮ್ಮ ಹಬ್ಬದ ಹೆಸರಿದೆ: ‘ದಿವಾಲಿ’. ಜಮೈಕಾದ ಸ್ಟೀವನ್ ‘ಲೆಂಕಿ’ ಮಾರ್ಸ್‌ಡನ್ ಕಟ್ಟಿದ, ಚಪ್ಪಾಳೆಯೇ ಮುಂದಾಗಿ ಕೇಳುವ ಒಂದು ತಾಳದ ಹಂದರ. ಅದರ ಮೇಲೆ ಒಬ್ಬೊಬ್ಬ ಗಾಯಕನದು ಒಂದೊಂದು ಹಾಡು. ಅಲ್ಲಿಯವರು ಈ ಹಂದರವನ್ನು ‘ರಿಡ್ಡಿಮ್’ ಎನ್ನುತ್ತಾರೆ. ಅದನ್ನೇ ಹಿಡಿದು ಶಾನ್ ಪಾಲ್ ಕುಣಿಸುವ ‘ಗೆಟ್ ಬಿಜಿ’ ಹಾಡಿದರು. 2003ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ವೇಯ್ನ್ ವಂಡರ್ ಕೊರಳಲ್ಲಿ ಅದೇ ತಾಳ ಮೆದುವಾದ ಪ್ರೇಮಗೀತೆಯಾಯಿತು. ಒಂದೇ ತಾಳಕ್ಕೆ ಹತ್ತಾರು ಹಾಡು ಕಟ್ಟುವುದು ಕಲ್ಪನೆಯ ಬಡತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೆಲ ಎಲ್ಲರಿಗೂ ಒಂದೇ ಆದಾಗಲೇ ಹಾಡುಗಾರನ ನಿಜವಾದ ಕಸುವು ಬಯಲಾಗುವುದು.

ಇದಕ್ಕೆ ಸಾಕ್ಷಿ ಮುಂಬಯಿಯ ಪರೇಲ್‌ನಲ್ಲಿದೆ. ಗಿರಣಿಗಳ ಕಾಲದಲ್ಲಿ ಕೊಂಕಣದಿಂದ ಬಂದ ಕೂಲಿಕಾರರು ತಮ್ಮೊಡನೆ ಶಕ್ತಿ-ತುರಾ ಎಂಬ ಹಾಡಿನ ಜಿದ್ದನ್ನೂ ತಂದರು. 1922ರಲ್ಲಿ ಕಟ್ಟಿದ ಪರೇಲ್‌ನ ದಾಮೋದರ್ ನಾಟ್ಯಗೃಹ ಅದಕ್ಕೆ ಮನೆಯಂತಿತ್ತು. ಡೋಲಕಿಯವನೂ ಹಾಡುವ ಶಾಹೀರನೂ ನಡುವೆ ಕೂರುತ್ತಾರೆ, ಗೆಜ್ಜೆ ಕಟ್ಟಿದ ಹುಡುಗರು ಸುತ್ತ ಕುಣಿಯುತ್ತಾರೆ. ಶಾಹೀರ ಜನರ ಬಾಯಲ್ಲಿರುವ ‘ಚಾಲ್’, ಅಂದರೆ ಧಾಟಿ, ಎತ್ತಿಕೊಳ್ಳುತ್ತಾನೆ, ಎಷ್ಟೋ ಸಲ ಸಿನಿಮಾ ಹಾಡಿನದೇ. ಧಾಟಿ ಗೊತ್ತಿರುವುದರಿಂದ ಸಭೆಯ ಕಿವಿಯೆಲ್ಲ ಮಾತಿನ ಮೇಲೆ. ಒಬ್ಬ ಶಕ್ತಿಯ ಪಕ್ಷ, ಇನ್ನೊಬ್ಬ ಶಿವನ ಪಕ್ಷ. ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಗೀಗೀ ಪದಗಳಲ್ಲಿ ನಡೆಯುವ ನಮ್ಮ ಹರದೇಶಿ-ನಾಗೇಶಿ ಜಿದ್ದು ಇದರ ಒಡಹುಟ್ಟು. ಗೀಗೀ ಮೇಳದಲ್ಲಿ ಸವಾಲು ಬಿದ್ದ ಧಾಟಿಯಲ್ಲೇ ಜವಾಬು ಕೊಡಬಲ್ಲವರಿಗೆ ಮರ್ಯಾದೆ ಹೆಚ್ಚು. ಅಲ್ಲಿ ಯಾರೂ ‘ಧಾಟಿ ಹಳೆಯದು’ ಎಂದು ಎದ್ದು ಹೋಗುವುದಿಲ್ಲ.

ಮೇಳದ ಹಾಡು ಎದುರಾಳಿಯ ಮುಂದೆ ಹುಟ್ಟುತ್ತದೆ, ರಿಡ್ಡಿಮ್ ಸಂಕಲನ ಸ್ಟುಡಿಯೋದ ಸರಕು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಕೇಳಬಹುದು. ಆದರೆ ಸಂಕಲನದ ಬೇರು ಕಿಂಗ್‌ಸ್ಟನ್ನಿನ ಬೀದಿಯಲ್ಲಿದೆ. ಎಪ್ಪತ್ತರ ದಶಕದ ಹೊತ್ತಿಗೆ ಅಲ್ಲಿನ ಗ್ರಾಮಫೋನ್ ತಟ್ಟೆಗಳ ಹಿಂಬದಿಯಲ್ಲಿ ಹಾಡು ತೆಗೆದ ಬರಿಯ ವಾದ್ಯ ಇರುತ್ತಿತ್ತು. ಬೀದಿಯ ಧ್ವನಿವರ್ಧಕಗಳ ಮುಂದೆ ಅದರ ಮೇಲೆ ಸ್ಥಳದಲ್ಲೇ ಮಾತು ಕಟ್ಟುತ್ತಿದ್ದರು, ಪಂಗಡ ಪಂಗಡಗಳ ನಡುವೆ ಪೈಪೋಟಿ ನಡೆಯುತ್ತಿತ್ತು. 1974ರಲ್ಲಿ ರೂಪಿ ಎಡ್ವರ್ಡ್ಸ್ ಒಂದೇ ರಿಡ್ಡಿಮ್‌ನ ‘ಯಮಹಾ ಸ್ಕ್ಯಾಂಕ್’ ಆಲ್ಬಂ ತಂದದ್ದು ಈ ರೂಢಿಯ ಬೆನ್ನಿಗೇ. ಒಂದು ತಾಳಕ್ಕೆ ಹಲವರನ್ನು ಹಾಡಿಸಿದರೆ ನಿರ್ಮಾಪಕನ ದುಡ್ಡು ಉಳಿಯುತ್ತದೆ, ನಿಜ. ಆದರೆ ಗೀಗೀ ಮೇಳವೂ ದಪ್ಪು, ತುಂತುಣಿ, ತಾಳ ಇಷ್ಟರಲ್ಲೇ ರಾತ್ರಿ ಬೆಳಗು ಮಾಡಿದ್ದು. ಕೈಯಲ್ಲಿ ಕಡಿಮೆ ಇದ್ದವರು ಕಂಡುಕೊಂಡ ದಾರಿ ಅದು, ಕೀಳಲ್ಲ. ಆ ದಾರಿಗೂ ಒಂದು ರಂಗ ಬೇಕು. ಪರೇಲ್‌ನ ದಾಮೋದರ್ ನಾಟ್ಯಗೃಹ 2023ರಲ್ಲಿ ಮರುನಿರ್ಮಾಣಕ್ಕೆಂದು ಮುಚ್ಚಿತು. ಹೊಸ ರಂಗ ಎದ್ದಾಗ ಡೋಲಕಿಯವನ ಸುತ್ತ ಹುಡುಗರು ಕುಣಿಯುವಷ್ಟು ಅಗಲವೂ ಗಿರಣಿ ಚಾಳುಗಳಲ್ಲಿ ವಾಸಿಸುವವರ ಕೈಗೆಟಕುವ ಬಾಡಿಗೆಯೂ ಅಲ್ಲಿ ಉಳಿದಿರಬೇಕು.