ಭೂಪಟದ ಗೆರೆ, ಆಗಸದ ಹಾದಿ

ಮಸ್ಕಿಯ ವೃದ್ಧ ರೈತರೊಬ್ಬರ ಮೊಮ್ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿರುವಳು. ಆ ನಗರದಿಂದ ಬೆಂಗಳೂರಿಗೆ ನಡುವೆ ಎಲ್ಲಿಯೂ ಇಳಿಯದೆ ಬಂದ ಏರ್ ಇಂಡಿಯಾದ ಮೊದಲ ವಿಮಾನವು 2021ರ ಜನವರಿ 9ರ ರಾತ್ರಿ ಹೊರಟು, 11ರ ನಸುಕಿನಲ್ಲಿ ಇಳಿಯಿತೆಂಬ ಸುದ್ದಿ ಅವರನ್ನು ಯೋಚನೆಗೆ ಹಚ್ಚಿತ್ತು. “ಒಂಬತ್ತಕ್ಕ ಹೊಂಟು ಹನ್ನೊಂದಕ್ಕ ಮುಟ್ಟೂದಂದ್ರ, ಎರಡು ದಿನ ಗಾಳ್ಯಾಗ ಇರಬೇಕೇನ್ರಿ ಸರ?” ಎಂದು ಅವರು ನಮ್ಮನ್ನು ಕೇಳಿದರು.

ಇಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರವು ಆ ಊರಿನ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ 9ರ ರಾತ್ರಿ ಎಂಟೂವರೆಯಾದಾಗ ಇಲ್ಲಿ 10ರ ಬೆಳಗಿನ ಹತ್ತು ಗಂಟೆ. ಪಯಣದ ಸುಮಾರು 17 ಗಂಟೆಗಳನ್ನು ಅದಕ್ಕೆ ಕೂಡಿಸಿದರೆ 11ರ ನಸುಕಾಗುತ್ತದೆ.

ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಆ ವಿಮಾನವು ಉತ್ತರ ಧ್ರುವದ ಹಾದಿ ಹಿಡಿದಿತ್ತು. ಭೂಪಟದಲ್ಲಿ ನೇರವಾದ ದಾರಿ ಕಾಣುತ್ತಿರುವಾಗ ಹಿಮದ ನಾಡನ್ನು ಸುತ್ತುವುದೇಕೆ? ವಾಚಕರು ಒಂದು ಭೂಗೋಳವನ್ನೂ ಒಂದು ದಾರವನ್ನೂ ತೆಗೆದುಕೊಳ್ಳಲಿ. ನಾವಿಕರ ಮರ್ಕೇಟರ್ ಭೂಪಟದಲ್ಲಿ ಈ ಎರಡು ನಗರಗಳನ್ನು ಕೂಡಿಸುವ ಸರಳರೇಖೆಯು ಶಾಂತಸಾಗರವನ್ನು ದಾಟುತ್ತದೆ. ಅದರ ಉದ್ದ ಸುಮಾರು 16,100 ಕಿಲೋಮೀಟರು. ಭೂಗೋಳದ ಮೇಲೆ ದಾರವನ್ನು ಬಿಗಿಯಾಗಿ ಎಳೆದರೆ ಅದು ತಾನಾಗಿಯೇ ಉತ್ತರಕ್ಕೆ ಸರಿದು, ಚೀನಾ, ಪೂರ್ವ ಸೈಬೀರಿಯಾ, ಅಲಾಸ್ಕಗಳ ಮೇಲೆ ಹಾಯುತ್ತದೆ. ಈಗ ಉದ್ದ ಸುಮಾರು 13,990 ಕಿಲೋಮೀಟರು! ಗೋಳದ ಮೇಲೆ ಅತ್ಯಂತ ಹತ್ತಿರದ ಹಾದಿಯಾದ ಈ ಗೆರೆಗೆ ಮಹಾವೃತ್ತದ ಕಂಸವೆಂದು ಹೆಸರು.

ದಾರವನ್ನು ಧ್ರುವಬಿಂದುವಿನ ಮೇಲೆಯೇ ಹಾಯಿಸಿದರೆ ಉದ್ದ ಸುಮಾರು 14,370 ಕಿಲೋಮೀಟರು. ಹಾಗಾದರೆ ಸುಮಾರು 380 ಕಿಲೋಮೀಟರು ಹೆಚ್ಚಿನ ಹಾದಿಯನ್ನು ಬಯಸುವುದೇಕೆ? ಇಲ್ಲಿ ಗಾಳಿಯ ಮಾತು ಬರುತ್ತದೆ. ಸುಮಾರು ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ವಾಯುಪ್ರವಾಹದ ವೇಗವು ಚಳಿಗಾಲದಲ್ಲಿ ಗಂಟೆಗೆ 200 ಕಿಲೋಮೀಟರನ್ನೂ ಮೀರುವುದುಂಟು. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಹತ್ತಿರದ ಹಾದಿಯಲ್ಲಿ ಎದುರುಗಾಳಿ ಸರಾಸರಿ 75 ಕಿಲೋಮೀಟರು ಕಸಿದುಕೊಂಡರೆ 17 ಗಂಟೆ ಬೇಕು. ಗಾಳಿ ಶಾಂತವಾಗಿರುವ ಧ್ರುವದ ಹಾದಿಗೆ 16 ಗಂಟೆ ಸಾಕು. ದೂರ ಹೆಚ್ಚಿದರೂ ಹೊತ್ತು ಉಳಿಯಿತು, ಇಂಧನವೂ ಉಳಿಯಿತು. ನಿಜವಾದ ಪಯಣದಲ್ಲಿ ಏರಿಳಿತ, ಬಳಸುದಾರಿಗಳೂ ಸೇರಿ ಹೊತ್ತು ಬೆಳೆಯುತ್ತದೆ.

ಆದರೆ ಈ ಲಾಭವು ಪುಕ್ಕಟೆಯಾಗಿ ದೊರೆಯದು. ಧ್ರುವದ ಸುತ್ತ ತುರ್ತಾಗಿ ಇಳಿಯಲು ವಿಮಾನ ನಿಲ್ದಾಣಗಳು ವಿರಳ. ಚಳಿಗಾಲದಲ್ಲಿ ಆ ಎತ್ತರದ ಗಾಳಿಯು ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೂ ಇಳಿಯಬಲ್ಲದು. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ಜೆಟ್-ಎ ಇಂಧನವಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟಲಾರಂಭಿಸಬಹುದು. ಆದುದರಿಂದ ಚಾಲಕರು ಇಂಧನದ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟು, ಅಗತ್ಯವಾದರೆ ಕೆಳಗಿಳಿದೋ ವೇಗ ಹೆಚ್ಚಿಸಿಯೋ ಅದನ್ನು ಕಾಯಬೇಕಾಗುತ್ತದೆ. ವಿಮಾನದಲ್ಲಿ ಕುಳಿತವರೆಲ್ಲರ ಪ್ರಾಣವೂ ಈ ಎಚ್ಚರವನ್ನು ನಂಬಿರುತ್ತದೆ.

ಇಷ್ಟನ್ನೂ ಕೇಳಿದ ವೃದ್ಧರು, “ಹಂಗಾದ್ರ ನಮ್ಮ ಹುಡುಗಿ ಎಷ್ಟು ದೂರ ಅದಾಳ್ರಿ?” ಎಂದರು. ಹದಿನಾಲ್ಕು ಸಾವಿರ ಕಿಲೋಮೀಟರು ಎಂದೆವು. ಎಷ್ಟು ಹೊತ್ತಿನ ದಾರಿ ಎಂಬುದನ್ನು ಮಾತ್ರ ಆ ದಿನದ ಗಾಳಿಯನ್ನೇ ಕೇಳಬೇಕೆಂದೆವು. ಅವರು ನಕ್ಕರು. “ಗಾಳಿ ನೋಡಿ ತೂರೂದು ರಾಶಿಗಷ್ಟೇ ಅಲ್ಲ ಅನ್ರಿ!”