ಅರೆ, ಒಲೆಯ ಮೇಲಿನ ಸರಿ ತೆಳ್ಳಗಾಯಿತಲ್ಲ!

ತುಮಕೂರು ಜಿಲ್ಲೆಯ ಗುಬ್ಬಿಯ ಒಂದು ಅಡುಗೆಮನೆ. ಒಲೆಯ ಮೇಲೆ ಪುಟ್ಟ ಸ್ಟೀಲ್ ಪಾತ್ರೆ, ಅದರೊಳಗೆ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿದ ರಾಗಿ ಹಿಟ್ಟು. ಉರಿ ತೀರಾ ಸಣ್ಣದು. ಆರು ತಿಂಗಳು ತುಂಬಿದ ಮೊಮ್ಮಗಳಿಗೆ ಸರಿ, ಅಂದರೆ ಕೂಸಿನ ಗಂಜಿ, ಮಾಡುತ್ತಿರುವ ಅಜ್ಜಿ ಚಮಚವನ್ನು ಕೈಬಿಡದೆ ತಿರುವುತ್ತಿದ್ದಾರೆ. ಪಾತ್ರೆಯ ಅಂಚು ಮೊದಲು ಬಿಸಿಯಾಗಿ ಅಲ್ಲಿ ಹಿಟ್ಟು ದಪ್ಪಗಾಗುತ್ತದೆ, ಚಮಚ ಭಾರವಾಗುತ್ತದೆ, ಇನ್ನೇನು ಅಂಟುಕಟ್ಟಿ ಮುದ್ದೆಯಾಗಿಬಿಡುತ್ತದೆ ಅನ್ನುವಷ್ಟರಲ್ಲಿ, ಅಬ್ಬಾ, ನೋಡನೋಡುತ್ತಿದ್ದಂತೆ ಸಡಿಲಾಗಿಬಿಡುತ್ತದೆ! ಒಂದು ತೊಟ್ಟು ನೀರು ಹಾಕಿಲ್ಲ, ಉರಿ ಮುಟ್ಟಿಲ್ಲ. ಹಿಟ್ಟು ಬೆಂದಷ್ಟೂ ಗಟ್ಟಿಯಾಗಬೇಕು ಅಂತ ನಾವೆಲ್ಲ ನಂಬಿದ್ದೇವೆ. ಇಲ್ಲಿ ಬೆಂದಷ್ಟೂ ತೆಳುವಾಗುತ್ತಿದೆ. ನಾನು ಬಾಯಿ ಬಿಟ್ಟುಕೊಂಡು ನಿಂತದ್ದನ್ನು ನೋಡಿ ಅಜ್ಜಿಗೆ ನಗು. “ಮೊಳಕೆ ಹಿಟ್ಟಲ್ವಾ? ಅದು ಹಂಗೇಯ.”

ಹಂಗೇ ಅಂದರೆ ಹೇಗೆ? ಈ ಪ್ರಶ್ನೆ ಹಿಡಿದುಕೊಂಡು ಹೊರಟವನಿಗೆ ಸಿಕ್ಕದ್ದು ಒಂದು ಪ್ರಯೋಗಶಾಲೆಯೇ. ಗುಬ್ಬಿ, ಕುಣಿಗಲ್, ತುಮಕೂರಿನ ಎಷ್ಟೋ ಮನೆಗಳಲ್ಲಿ, ಸಾರಿನ ಪುಡಿ ಡಬ್ಬಿಯ ಪಕ್ಕದಲ್ಲೇ, ಅದು ಇಷ್ಟು ದಿನ ಸುಮ್ಮನೆ ಕೂತಿದೆ.

ಮೊದಲು ಹಿಟ್ಟು ಮಾಡುವ ಬಗೆ ನೋಡಿ. ರಾಗಿಯನ್ನು ಕಲ್ಲು ಕಸ ಆರಿಸಿ ಮೂರು ನಾಲ್ಕು ನೀರಲ್ಲಿ ತೊಳೆದು ರಾತ್ರಿಯೆಲ್ಲ ನೆನೆಹಾಕುತ್ತಾರೆ. ಬೆಳಗ್ಗೆ ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿರುವ ಮೂಲೆಯಲ್ಲಿ ಇಡುತ್ತಾರೆ. ಬಟ್ಟೆ ಒಣಗಿದರೆ ಮತ್ತೆ ಒಂದಿಷ್ಟು ನೀರು ಚಿಮುಕಿಸುತ್ತಾರೆ. ಒಂದೆರಡು ದಿನದಲ್ಲಿ ಗಂಟು ಬಿಚ್ಚಿದರೆ ಬಿಳಿ ಮೊಳಕೆಗಳು ಬಟ್ಟೆಯ ಎಳೆಗಳ ನಡುವೆಯೇ ತೂರಿಕೊಂಡಿರುತ್ತವೆ, ಬಿಡಿಸಿಕೊಳ್ಳುವುದೇ ಕಷ್ಟ. ಅದನ್ನು ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಬಾಣಲೆಯಲ್ಲಿ ಹಸಿ ವಾಸನೆ ಹೋಗುವಷ್ಟು ಮಾತ್ರ ಬೆಚ್ಚಗೆ ಮಾಡಿ, ಬೀಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಾರೆ. ಜರಡಿ ಸಾಲದು, ವಸ್ತ್ರಗಾಳಿತವೇ ಆಗಬೇಕು. ಕೆಲವು ಮನೆಗಳಲ್ಲಿ ಒಂದು ಹಿಡಿ ಹೆಸರುಕಾಳು, ನಾಲ್ಕು ಬಾದಾಮಿಯೂ ಸೇರುತ್ತವೆ. ಇನ್ನು ಕೆಲವರು ನೆನೆದ ರಾಗಿಯನ್ನು ರುಬ್ಬಿ ಹಾಲು ಹಿಂಡಿ ಮಣ್ಣಿ ಮಾಡುತ್ತಾರೆ. ಅದೂ ರುಚಿಯೇ, ಆದರೆ ನಮ್ಮ ಪವಾಡ ನಡೆಯುವುದು ಮೊಳಕೆ ಹಿಟ್ಟಿನಲ್ಲಿ.

ಸಾವಿರ ರಾಗಿ ಕಾಳು ಸೇರಿದರೆ ತೂಕ ಮೂರು ಗ್ರಾಂ ಆಸುಪಾಸು. ಅಂದರೆ ಕಾಲು ಕೆಜಿ ರಾಗಿ ನೆನೆಹಾಕಿದರೆ ಆ ಪುಟ್ಟ ಗಂಟಿನೊಳಗೆ ಎಂಬತ್ತು ಸಾವಿರಕ್ಕೂ ಹೆಚ್ಚು ಜೀವಗಳು ಒಟ್ಟಿಗೆ ಕಣ್ಣು ಬಿಡುತ್ತವೆ! ತುಮಕೂರಿನ ಎಷ್ಟೋ ಬಡಾವಣೆಗಳ ಜನರನ್ನು ಸೇರಿಸಿದರೂ ಇಷ್ಟಾಗಲಿಕ್ಕಿಲ್ಲ.

ಈಗ ಒಂದು ಕಾಳಿನ ಒಳಗೆ ಇಣುಕೋಣ. ಅದರ ಮೂಲೆಯಲ್ಲಿ ಸೂಜಿ ಮೊನೆಯಷ್ಟು ಭ್ರೂಣ, ಉಳಿದದ್ದೆಲ್ಲ ಅದರ ಬುತ್ತಿ. ಬುತ್ತಿ ಅಂದರೆ ಪಿಷ್ಟ, ಸಕ್ಕರೆಯ ಕಣಗಳನ್ನು ಪೋಣಿಸಿದ ಉದ್ದುದ್ದ ಮಣಿಸರ. ಕೂಸು ಸಸಿಗೆ ಆ ಸರವನ್ನು ಇಡಿಯಾಗಿ ನುಂಗಲಾಗದು. ನೀರು ತಾಗಿದೊಡನೆ ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಕಳಿಸುತ್ತದೆ, ಆ ಸುದ್ದಿ ಮುಟ್ಟಿದ ಸಿಪ್ಪೆಯಡಿಯ ಪದರ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸತೊಡಗುತ್ತದೆ. ಅಮೈಲೇಸ್ ಮಾಡುವ ಕೆಲಸ ಒಂದೇ, ಸರವನ್ನು ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡುವುದು. ಸಸಿ ಉಣ್ಣುವುದು ಆ ತುಂಡುಗಳನ್ನು.

ಸರಿಯಾಗಿ ಈ ಗಳಿಗೆಯಲ್ಲಿ, ಊಟ ಸಿದ್ಧವಾಗಿ ಸಸಿ ಇನ್ನೂ ಮೊದಲ ತುತ್ತು ಎತ್ತುವಾಗಲೇ, ನಮ್ಮ ಅಜ್ಜಿ ಬಟ್ಟೆ ಬಿಚ್ಚಿ ಒಣಹಾಕಿಬಿಡುತ್ತಾರೆ. ರಾಗಿ ತನ್ನ ಕೂಸಿಗೆಂದು ಮಾಡಿಟ್ಟ ಅಡುಗೆಯನ್ನು ಎತ್ತಿಕೊಂಡು ಬಂದು ನಮ್ಮ ಕೂಸಿಗೆ ಉಣಿಸುತ್ತಾರೆ! ಕಳ್ಳತನವೇ ಸೈ. ಆದರೆ ಇಷ್ಟು ಚೆಂದದ ಕಳ್ಳತನವನ್ನು ನಾನು ಕಂಡಿಲ್ಲ.

ನಿಲ್ಲಿ, ಕತೆ ಇನ್ನೂ ಇದೆ. ಆ ಕಿಣ್ವ ಒಣ ಹಿಟ್ಟಿನಲ್ಲಿ ನಿದ್ದೆ ಹೋಗಿರುತ್ತದೆ, ಸಾಯುವುದಿಲ್ಲ. ಹದವಾಗಿ ಬೆಚ್ಚಗೆ ಮಾಡಿದರೂ ಒಣಗಿರುವುದರಿಂದ ತಡೆದುಕೊಳ್ಳುತ್ತದೆ. ತಣ್ಣೀರಿಗೆ ಬಿದ್ದು ನಿಧಾನಕ್ಕೆ ಬಿಸಿಯಾಗುವಾಗ ಎಚ್ಚರಗೊಳ್ಳುತ್ತದೆ. ಶಾಖ ಅರವತ್ತು ಎಪ್ಪತ್ತು ಡಿಗ್ರಿಯ ಹತ್ತಿರ ಬಂದಾಗ ಪಿಷ್ಟ ನೀರು ಕುಡಿದು ಉಬ್ಬಿ ಗಟ್ಟಿಯಾಗತೊಡಗುತ್ತದೆ, ಅದೇ ಹೊತ್ತಿಗೆ ಅಮೈಲೇಸ್ ಮೈಮೇಲೆ ಬಂದಂತೆ ಕತ್ತರಿಸುತ್ತದೆ. ಗಟ್ಟಿಯಾದದ್ದು ಸಡಿಲಾಯಿತಲ್ಲ, ಅದು ಇದೇ! ಇನ್ನೂ ಕಾದರೆ ಕಿಣ್ವ ಸತ್ತುಹೋಗುತ್ತದೆ, ಆದರೆ ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ತಣ್ಣೀರಲ್ಲೇ ಕದಡು, ಸಣ್ಣ ಉರಿಯಲ್ಲೇ ಇಡು, ಕೈ ಬಿಡದೆ ತಿರುವು ಎಂಬ ಅಜ್ಜಿಯ ಮೂರು ಕಟ್ಟಪ್ಪಣೆಗಳಲ್ಲಿ ಒಂದೂ ಬರೀ ಮಡಿವಂತಿಕೆಯಲ್ಲ.

ಅದೇ ಮನೆಯಲ್ಲಿ, ಅದೇ ಒಲೆಯ ಮೇಲೆ, ಮಧ್ಯಾಹ್ನ ಹಿಟ್ಟು ತಿರುವುವುದನ್ನು ನೋಡಿ. (ನಮ್ಮ ಕಡೆ ಮುದ್ದೆಗೆ ಹಿಟ್ಟು ಅನ್ನುತ್ತಾರೆ, “ಹಿಟ್ಟು ಉಂಡ್ಯಾ?” ಅಂದರೆ ಊಟ ಆಯಿತಾ ಅಂತ.) ನಿಯಮಗಳೆಲ್ಲ ತಲೆಕೆಳಗು! ಮೊಳಕೆ ಬರಿಸದ ರಾಗಿ, ಕೊತಕೊತ ಕುದಿಯುವ ಎಸರು, ಹಿಟ್ಟನ್ನು ಒಮ್ಮೆಗೇ ಸುರಿದು ಬೇಯಿಸಿ ಮುದ್ದೆಕೋಲಿನಲ್ಲಿ ಗೊಟಾಯಿಸುವುದು. ಇಲ್ಲಿ ಬೇಕಾದದ್ದು ಗಟ್ಟಿತನ. ಒಂದೇ ಧಾನ್ಯ, ಎರಡು ವಿರುದ್ಧ ಕಾನೂನು, ಎರಡನ್ನೂ ಒಂದೇ ಕೈ ತಪ್ಪಿಲ್ಲದೆ ಪಾಲಿಸುತ್ತದೆ.

ಸರಿ ತೆಳುವಾದರೆ ಏನು ಮಹಾ ಲಾಭ ಅನ್ನುತ್ತೀರಾ? ನನಗೂ ಹಾಗೇ ಅನ್ನಿಸಿತ್ತು. ಕೂಸಿನ ಹೊಟ್ಟೆಯ ಅಳತೆ ಕೇಳಿದ ಮೇಲೆ ದಂಗಾದೆ. ಆರು ತಿಂಗಳ ಮಗುವಿನ ಹೊಟ್ಟೆಯಲ್ಲಿ ಹಿಡಿಯುವುದು ತೂಕದ ಕೆಜಿಗೆ ಸುಮಾರು ಮೂವತ್ತು ಗ್ರಾಂ. ಏಳು ಕೆಜಿಯ ಮಗುವಾದರೆ ಒಂದು ಹೊತ್ತಿಗೆ ಇನ್ನೂರು ಗ್ರಾಂ ದಾಟುವುದು ಕಷ್ಟ, ಒಂದು ದೊಡ್ಡ ಲೋಟದಷ್ಟು. ಮಾಮೂಲಿ ಹಿಟ್ಟಿನ ಗಂಜಿಯನ್ನು ಮಗು ನುಂಗುವಷ್ಟು ತೆಳ್ಳಗೆ ಮಾಡಬೇಕಾದರೆ ನೀರೇ ಜಾಸ್ತಿ, ಹೊಟ್ಟೆ ತುಂಬಿದರೂ ಮೈಗೆ ಹತ್ತುವುದಿಲ್ಲ. ಹಿಟ್ಟು ಜಾಸ್ತಿ ಹಾಕಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಜಗತ್ತಿನ ಬಡ ದೇಶಗಳಲ್ಲಿ ಎಷ್ಟೋ ಮಕ್ಕಳು ಸೊರಗಿದ್ದು ಈ ಇಕ್ಕಟ್ಟಿನಲ್ಲಿ ಸಿಕ್ಕಿ. ಮೊಳಕೆ ಹಿಟ್ಟು ಈ ಗಂಟನ್ನು ಬಿಡಿಸುತ್ತದೆ: ಅದೇ ಲೋಟದಲ್ಲಿ ಹೆಚ್ಚು ಹಿಟ್ಟು, ಆದರೂ ನುಂಗುವಷ್ಟು ಸಡಿಲ.

ಇನ್ನೊಂದು ವಿಷಯ ಕೇಳಿದರೆ ರೋಮಾಂಚನವಾಗುತ್ತದೆ. ಪಿಷ್ಟ ಅರಗಿಸುವ ಅಮೈಲೇಸ್ ನಮ್ಮ ಮೇದೋಜೀರಕ ಗ್ರಂಥಿಯಲ್ಲೂ ತಯಾರಾಗುತ್ತದೆ, ದೊಡ್ಡವರಲ್ಲಿ. ಹುಟ್ಟಿದ ಕೂಸಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ತಿಂಗಳುಗಳು ಕಳೆದಂತೆ ನಿಧಾನಕ್ಕೆ ಹೆಚ್ಚುತ್ತದೆ. ಕೊರತೆ ತುಂಬುವುದರಲ್ಲಿ ಎದೆಹಾಲಿಗೂ ಪಾಲಿದೆ, ಹೌದು, ತಾಯಿಯ ಹಾಲಿನಲ್ಲೂ ಅಮೈಲೇಸ್ ಇದೆ! ಮಗುವಿನ ಕೈಲಾಗದ ಕೆಲಸವನ್ನು ಒಂದು ಕಡೆ ತಾಯಿಯ ಹಾಲು, ಇನ್ನೊಂದು ಕಡೆ ರಾಗಿಯ ಮೊಳಕೆ ಮಾಡಿಕೊಡುತ್ತಿವೆ.

ಕೂಸಿಗೆ ಇಷ್ಟೆಲ್ಲ ಆರೈಕೆ ಯಾಕೆ ಬೇಕು? ಕುಣಿಗಲ್‌ಗೆ ಬನ್ನಿ. ಕೆರೆಗೆ ಎಷ್ಟು ಹೆಸರೋ ಕುದುರೆ ಫಾರಂಗೂ ಅಷ್ಟೇ ಹೆಸರಿರುವ ಊರು. ಕುದುರೆ ಮರಿ ಹುಟ್ಟಿದ ಗಂಟೆ ಎರಡು ಗಂಟೆಯೊಳಗೆ ತಡವರಿಸಿಕೊಂಡು ಎದ್ದು ನಿಂತುಬಿಡುತ್ತದೆ. ಅದೇ ಊರಿನ ಪೇಟೆಯಲ್ಲಿ ಹುಟ್ಟಿದ ಕೂಸು ಎದ್ದು ನಡೆಯಲು ಹೆಚ್ಚೂ ಕಡಿಮೆ ಒಂದು ವರ್ಷ! ನಾವೇನು ಪೆದ್ದರೇ? ಅಲ್ಲ. ಮನುಷ್ಯನ ಮಗು ಹುಟ್ಟುವಾಗ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದ ಆಸುಪಾಸು, ಎರಡು ವರ್ಷ ತುಂಬುವಷ್ಟರಲ್ಲಿ ಮುಕ್ಕಾಲನ್ನೂ ಮೀರುತ್ತದೆ. ಮೈತೂಕ ಐದಾರು ತಿಂಗಳಿಗೆ ಇಮ್ಮಡಿ, ವರ್ಷಕ್ಕೆ ಮೂರು ಪಟ್ಟು. ಇಷ್ಟು ದೊಡ್ಡ ಕಟ್ಟಡ ನಡೆಯುವುದು ನಮ್ಮ ಕಣ್ಣೆದುರೇ, ತೊಟ್ಟಿಲಲ್ಲಿ, ಚಾಪೆಯ ಮೇಲೆ, ಅಜ್ಜಿಯ ಕಾಲ ಮೇಲೆ ಎಣ್ಣೆ ನೀರು ಹಾಕಿಸಿಕೊಳ್ಳುವಾಗ. “ಮಗಾ ಒಂಚೂರು ಮೈ ತುಂಬ್ಕೊಂಡ್ಲು” ಅಂತ ಸಲೀಸಾಗಿ ಅಂದುಬಿಡುತ್ತೇವೆ.

ಮೊಳಕೆ ಹಿಟ್ಟಿನ ಈ ಗುಟ್ಟು ವಿಜ್ಞಾನಿಗಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎಚ್.ಎಸ್.ಆರ್. ದೇಸಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿಯವರು 1980ರ ಸುಮಾರಿಗೇ ಮೊಳಕೆ ಧಾನ್ಯಗಳ ಕೂಸಿನ ಆಹಾರವನ್ನು ಅಳೆದು ತೂಗಿ ಬರೆದಿದ್ದಾರೆ. ಬರೋಡಾದಲ್ಲಿ ಪೌಷ್ಟಿಕಾಂಶ ತಜ್ಞೆ ತಾರಾ ಗೋಪಾಲದಾಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಮಾಮೂಲಿ ಗಂಜಿಗೆ ಮೊಳಕೆ ಹಿಟ್ಟನ್ನು ಚಿಟಿಕೆ ಲೆಕ್ಕದಲ್ಲಿ ಬೆರೆಸಿದರೂ ಸಾಕು, ಇಡೀ ಗಂಜಿ ಸಡಿಲಾಗುತ್ತದೆ. ಅದಕ್ಕೂ ನೂರು ವರ್ಷ ಹಿಂದೆ, 1883ರಲ್ಲಿ, ಹಾರ್ಲಿಕ್ ಸೋದರರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದೂ ಇದೇ ವಿದ್ಯೆಗೆ. ಅವರದ್ದು ಬಾರ್ಲಿ ಮೊಳಕೆ, ಮೊದಲು ಮಾರಿದ್ದು ಕೂಸುಗಳಿಗೆ, ರೋಗಿಗಳಿಗೆ. ನಮ್ಮ ಅಜ್ಜಿಯರು ಪೇಟೆಂಟ್ ಆಫೀಸಿನ ವಿಳಾಸ ಕೇಳಲಿಲ್ಲ, ಸೊಸೆಗೆ ಹೇಳಿಕೊಟ್ಟರು, ಮುಗಿಯಿತು. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದಾಗ ಪತ್ರಿಕೆಗಳ ತುಂಬ ಅದೇ ಸುದ್ದಿ, ಸಂತೋಷ. ಆದರೆ ಅದೇ ತಾಲ್ಲೂಕಿನ ಸರಿಹಿಟ್ಟಿನ ಡಬ್ಬಿಗೆ ಅಂಥ ಗೌರವ ಸಿಕ್ಕದ್ದನ್ನು ನಾನಂತೂ ನೋಡಿಲ್ಲ. ನನ್ನ ಪ್ರಕಾರ ಇದು ಅನ್ಯಾಯ.

ರಾಗಿ ನಮ್ಮದು, ಹಿಟ್ಟು ನಮ್ಮದು ಅಂತ ಎದೆ ತಟ್ಟಿಕೊಳ್ಳುವ ಮೊದಲು ಇನ್ನೊಂದು ಬೆರಗು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು, ಇಥಿಯೋಪಿಯ ಉಗಾಂಡಗಳ ಕಡೆ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದು ನಮ್ಮ ಹೊಲದಲ್ಲಿ ನೆಂಟನಾಗಿ ನಿಂತ ಬೆಳೆ. ಉಗಾಂಡದ ಪಶ್ಚಿಮ ಭಾಗದಲ್ಲಿ ಇವತ್ತಿಗೂ ಜೋಳ ಅಥವಾ ರಾಗಿಯನ್ನು ಮೊಳಕೆ ಬರಿಸಿ, ಬೀಸಿ, ಬುಶೇರ ಅನ್ನುವ ಗಂಜಿಯಂಥ ಪಾನೀಯ ಮಾಡುತ್ತಾರೆ, ಅದು ಮಕ್ಕಳಿಗೂ ಉಂಟು. ಗುಬ್ಬಿಯ ಅಜ್ಜಿಗೂ ಅಲ್ಲಿನ ಅಜ್ಜಿಗೂ ಮುಖ ಪರಿಚಯವಿಲ್ಲ, ಕೈಕೆಲಸ ಮಾತ್ರ ಒಂದೇ! ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಮದುವೆ ಮಾಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಒಂದು ರೀತಿಯಲ್ಲಿ ಹಳೆಯ ನೆಂಟಸ್ತನವನ್ನು ಮತ್ತೆ ಬೆಸೆದಂತೆ.

ಸರಿ ಉಂಡ ಕೂಸು ಸರಿಯಲ್ಲೇ ನಿಲ್ಲುವುದಿಲ್ಲ. ಎರಡು ಹಲ್ಲು ಮೂಡುತ್ತಿದ್ದಂತೆ ಬಸ್ಸಾರಿನಲ್ಲಿ ಕಿವುಚಿದ ಅನ್ನ ಬರುತ್ತದೆ, ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿನ ಸತ್ವವೆಲ್ಲ ಅದರಲ್ಲಿ. ಆಮೇಲೆ ಒಂದು ದಿನ ಅಪ್ಪನ ತಟ್ಟೆಗೆ ಕೈ ಹಾಕಿ ಮುದ್ದೆಯ ಚೂರು ಮುರಿಯುತ್ತದೆ. ಅಗಿಯುತ್ತದೆ, ಮುಖ ಹಿಂಡುತ್ತದೆ, ಉಗಿಯುತ್ತದೆ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ಆ ಗಂಟಲಿಗೆ ಯಾರು ಪಾಠ ಹೇಳುವುದು? ಯಾರೂ ಹೇಳುವುದಿಲ್ಲ, ಸುತ್ತ ಕೂತವರ ಗಂಟಲು ನೋಡಿ ತಾನೇ ಕಲಿತುಬಿಡುತ್ತದೆ. ಮಗು ಮೊದಲ ಬಾರಿ ಗುಳಕ್ಕನೆ ನುಂಗಿದಾಗ ಇಡೀ ಮನೆ ಊಟ ನಿಲ್ಲಿಸಿ ನೋಡುವುದನ್ನು ಕಂಡಿದ್ದೇನೆ. ಶಾಲೆಯ ಯಾವ ಬಹುಮಾನಕ್ಕೂ ಅಂಥ ಸಭೆ ಸೇರಿದ್ದನ್ನು ಕಂಡಿಲ್ಲ.

ತುಮಕೂರು ನಗರದವರು ಮಕ್ಕಳ ಬೆಳವಣಿಗೆ ಅಳೆಯಲು ಇನ್ನೊಂದು ಅಳತೆಗೋಲು ಇಟ್ಟುಕೊಂಡಿದ್ದಾರೆ: ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಅಪ್ಪನ ಇಡ್ಲಿಯಲ್ಲಿ ಚೂರು ಕಿತ್ತುಕೊಳ್ಳುವ ವಯಸ್ಸು, ಅರ್ಧ ಬಿಡುವ ವಯಸ್ಸು, ಪೂರ್ತಿ ಮುಗಿಸಿ ಚಟ್ನಿ ಕೇಳುವ ವಯಸ್ಸು. ಎರಡನೆಯದಕ್ಕೆ ಕೈ ಎತ್ತಿದ ದಿನ ಹುಡುಗ ಬೆಳೆದ ಅಂತಲೇ ಲೆಕ್ಕ. ಅಲ್ಲಿಂದ ಕೂಗಳತೆ ದೂರದಲ್ಲೇ ಸಿದ್ಧಗಂಗಾ ಮಠ, 2019ರ ಜನವರಿ 21ರಂದು ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿ ಬೆಳೆಸಿದ ದಾಸೋಹ. ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸು. ಒಂದು ಕೂಸಿಗೆ ಸರಿ ಮಾಡುವುದೇ ಇಷ್ಟು ದೊಡ್ಡ ವಿದ್ಯೆಯಾದರೆ ಆ ಒಲೆಗಳ ಮುಂದೆ ನಿಂತು ಏನು ಹೇಳುವುದು! ಸರ್ಕಾರವೂ ತಡವಾಗಿಯಾದರೂ ದಾರಿಗೆ ಬಂತು. 2024ರ ಫೆಬ್ರುವರಿಯಲ್ಲಿ ಶಾಲೆಗಳ ಕ್ಷೀರಭಾಗ್ಯದ ಹಾಲಿಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಎಳೆಯ ಮೂಳೆಗೆ ಎರಡೂ ಸೇರಿದ ಲೋಟ ಒಳ್ಳೆಯ ಜೋಡಿ.

ಮನೆಯಲ್ಲಿ ಕೂಸಿರುವವರು ಒಂದಿಷ್ಟು ಗಮನಿಸಿ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆಮೇಲೂ ಸರಿಯ ಜೊತೆಗೆ ಎದೆಹಾಲು ನಿಲ್ಲಬಾರದು. ವರ್ಷ ತುಂಬುವ ಮೊದಲು ಜೇನುತುಪ್ಪ ನೆಕ್ಕಿಸಬೇಡಿ, ಅಜ್ಜಿಯರ ಈ ಒಂದು ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ರಾಗಿಯೊಂದರಿಂದಲೇ ಎಲ್ಲ ಸಿಗುವುದಿಲ್ಲ, ಬೇಳೆ, ಸೊಪ್ಪು, ಹಣ್ಣು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಒಂದೊಂದೇ ಸೇರುತ್ತ ಹೋಗಲಿ. ಮೊಳಕೆಗೆ ಬೂಷ್ಟು ಹಿಡಿದಿದ್ದರೆ ಇಡೀ ಗಂಟನ್ನೇ ಚೆಲ್ಲಿ, ಆಸೆ ಬೇಡ. ಹುರಿಯುವಾಗ ಘಮ ಬರಲಿ ಅಂತ ಕೆಂಪಗೆ ಮಾಡಬೇಡಿ, ಕಿಣ್ವ ಸತ್ತುಹೋಗುತ್ತದೆ. ಕುದಿಯುವ ನೀರಿಗೆ ಹಿಟ್ಟು ಸುರಿಯಬೇಡಿ, ತಣ್ಣೀರಿಗೇ ಕದಡಿ ಒಲೆಗಿಡಿ.